ಡಾಕ್ಟರ್ ಕೇಳಿದಾಗ ಪೂರ್ತಿ ಹೇಳಿ

ರಾಸ್ ಅಲ್ ಖೋರ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮ ಆಫೀಸು. ಚಳಿಗಾಲದಲ್ಲಿ ಇಲ್ಲಿನ ಅಭಯಾರಣ್ಯಕ್ಕೆ ಬರುವ ಫ್ಲೆಮಿಂಗೋಗಳು ಎಷ್ಟೋ ಹೊತ್ತು ಒಂಟಿಕಾಲಲ್ಲಿ ನಿಂತಿರುತ್ತವೆ. ನನಗೋ, ಬೆಳಗ್ಗೆ ಎದ್ದು ಎರಡೂ ಕಾಲಲ್ಲಿ ನೆಟ್ಟಗೆ ನಿಲ್ಲೋದಕ್ಕೇ ಒಂದು ಗಂಟೆ ಬೇಕಿತ್ತು!

"ಕುರ್ಚಿ ಸರಿಯಿಲ್ಲ ಮಾರಾಯ", "ಏಸಿ ಗಾಳಿ", "ವಿಟಮಿನ್ ಡಿ ಕಡಿಮೆ"... ರೂಮಿನವರು ಒಬ್ಬೊಬ್ಬರು ಒಂದೊಂದು ಹೇಳಿದರು. ನಾನೂ ಎಂಟು ತಿಂಗಳು ನೋವಿನ ಮಾತ್ರೆ ನುಂಗಿದೆ.

ಕೊನೆಗೆ ರುಮಟಾಲಜಿಸ್ಟ್ ಹತ್ತಿರ ಹೋದರೆ, ರಕ್ತಪರೀಕ್ಷೆಗೂ ಮುಂಚೆ ಬರೀ ಪ್ರಶ್ನೆಗಳು. ನೋವು ಶುರುವಾಗಿ ಮೂರು ತಿಂಗಳು ದಾಟಿತಾ? ಮಲಗಿದರೆ ಹೆಚ್ಚೋ, ಓಡಾಡಿದರೆ ಹೆಚ್ಚೋ? ನಡುರಾತ್ರಿ ಕಳೆದ ಮೇಲೆ ನೋವಿಗೆ ಎಚ್ಚರ ಆಗುತ್ತಾ? ಕಣ್ಣು ಕೆಂಪಾಗಿ ನೋವು ಬಂದಿತ್ತಾ? ಸೋರಿಯಾಸಿಸ್? ಪದೇಪದೇ ಭೇದಿ?

ಬೆನ್ನಿಗೂ ಕಣ್ಣಿಗೂ ಏನು ಸಂಬಂಧ ಅಂದ್ಕೊಂಡೆ. ಇದೆಯಂತೆ. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಸಾಮಾನ್ಯವಾಗಿ 45 ವರ್ಷದೊಳಗೇ ಶುರುವಾಗುತ್ತೆ, ಕೆಲವರಿಗೆ ಕಣ್ಣಿನ ಉರಿಯೂತವೂ ಬರುತ್ತೆ. ಬೆಂಗಳೂರಲ್ಲಿದ್ದಾಗ ಒಮ್ಮೆ ನನ್ನ ಕಣ್ಣು ಕೆಂಪಾಗಿ ವಾರಗಟ್ಟಲೆ ನೋವಿದ್ದದ್ದು ಆಗ ನೆನಪಾಯ್ತು. ಬರೀ ಟೆಸ್ಟ್ ಸಾಲದಾ ಅಂತ ಕೇಳಬೇಡಿ. ಎಚ್‌ಎಲ್‌ಎ-ಬಿ27 ಪಾಸಿಟಿವ್ ಇರುವ ಬಹುಪಾಲು ಜನಕ್ಕೆ ಈ ಕಾಯಿಲೆ ಬರುವುದೇ ಇಲ್ಲ. ರಿಪೋರ್ಟಿಗೆ ಅರ್ಥ ಬರೋದು ನಮ್ಮ ಕಥೆ ಜೊತೆ ಸೇರಿದಾಗ.

"ಮನೇಲಿ ಯಾರಿಗಾದ್ರೂ ಟಿಬಿ ಇತ್ತಾ?" ಅಂದಾಗ ಮಾತ್ರ ಥಟ್ಟನೆ "ಇಲ್ಲ" ಅಂದುಬಿಟ್ಟೆ. ವೀಸಾ ಮೆಡಿಕಲ್‌ಗೆ ಎದೆಯ ಎಕ್ಸ್‌ರೇ ತೆಗೆಸಿಕೊಂಡವರಿಗೆ ಆ ಎರಡಕ್ಷರದ ಭಯ ಗೊತ್ತು. ಆದರೆ ನಾನು ಮೂರನೇ ಕ್ಲಾಸಲ್ಲಿದ್ದಾಗ ಅಪ್ಪನಿಗೆ ಟಿಬಿ ಆಗಿತ್ತು.

ರಾತ್ರಿ ಪುತ್ತೂರಿಗೆ ಫೋನ್ ಮಾಡಿದೆ. "ಅದೆಲ್ಲ ಯಾಕೆ ಹೇಳುವುದು ಮಗಾ, ಕೆಲಸಕ್ಕೆ ತೊಂದರೆ ಆದೀತು" ಅಂದಳು ಅಮ್ಮ. ನಿದ್ದೆ ಬರಲಿಲ್ಲ. ಮರುದಿನ ಹೋಗಿ ನಿಜ ಹೇಳಿದೆ. ಡಾಕ್ಟರು ಬೈಯಲಿಲ್ಲ. ಮುಂದೆ ಬೇಕಾಗಬಹುದಾದ ಟಿಎನ್‌ಎಫ್ ತಡೆಯುವ ಇಂಜೆಕ್ಷನ್, ಮೈಯಲ್ಲಿ ಸುಮ್ಮನೆ ಮಲಗಿರುವ ಟಿಬಿಯನ್ನು ಎಬ್ಬಿಸಬಹುದಂತೆ. ಅದಕ್ಕೇ ಆ ಪ್ರಶ್ನೆ. ನನ್ನ ಒಂದು "ಇಲ್ಲ" ಎಷ್ಟು ದುಬಾರಿಯಾಗಬಹುದಿತ್ತು ನೋಡಿ...

"ಕೆಲಸ ಮಾಡ್ತಿಲ್ಲ" ಅಂತಷ್ಟೇ ಬರೆದು ಬಗ್ ರಿಪೋರ್ಟ್ ಕಳಿಸುವವರಿಗೆ ದಿನಾ ಬೈಯೋನು ನಾನು. ಡಾಕ್ಟರ ಮುಂದೆ ನಾನು ಮಾಡಿದ್ದೂ ಅದನ್ನೇ!

ಪರದೇಶದಲ್ಲಿರುವ ನಮ್ಮ ಕಾಯಿಲೆಯ ಅರ್ಧ ಕಥೆ ಊರಲ್ಲೇ ಉಳಿದಿರುತ್ತೆ. ಡಾಕ್ಟರ ಹತ್ತಿರ ಹೋಗುವ ಮುಂಚೆ ಮನೆಗೊಂದು ಫೋನ್ ಮಾಡಿ, ಕೇಳಿ, ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ನಾಚಿಕೆ ಅನ್ನಿಸುವುದನ್ನೂ ಬರೆಯಿರಿ.

ಅಂದಹಾಗೆ, ನಿಮ್ಮ ಮನೆಯ ಹಿರಿಯರಿಗೆ ಯಾವ್ಯಾವ ಕಾಯಿಲೆ ಇತ್ತು ಅಂತ ನಿಮಗೆ ಗೊತ್ತಾ?