ಹಳೆಯ ಗ್ರೈಂಡರು ಇರಲೋ, ಹೋಗಲೋ?

ಪುತ್ತೂರು, ಸುಳ್ಯ, ಕಡಬದ ತೋಟದ ಮನೆಗಳಲ್ಲಿ ಅಡುಗೆಕೋಣೆಯ ಮೂಲೆ ಹಿಡಿದು ನಿಂತ ದೊಡ್ಡ ಗ್ರೈಂಡರು ಇನ್ನೂ ಕಾಣಸಿಗುತ್ತದೆ. ಕಬ್ಬಿಣದ ಸ್ಟ್ಯಾಂಡು, ಅಡಿಯಲ್ಲಿ ಬೆಲ್ಟ್ ಹಾಕಿದ ಮೋಟಾರು, ಮೇಲೆ ಒಬ್ಬರಿಂದ ಎತ್ತಲಾಗದ ಕಲ್ಲು. 1955ರಲ್ಲಿ ಕೊಯಮತ್ತೂರಿನ ಪಿ. ಸಭಾಪತಿಯವರು ಮಾಡಿದ ಯಂತ್ರದ ಸಂತಾನ ಇದು. ಕೈಯಲ್ಲಿ ಕಡೆಯುವಾಗ ಕಲ್ಲು ಕೂತಿರುತ್ತದೆ, ಗುಂಡು ತಿರುಗುತ್ತದೆ; ಇಲ್ಲಿ ಗುಂಡನ್ನು ಕೊಂಡಿ ಹಾಕಿ ನಿಲ್ಲಿಸಿ ಕಲ್ಲನ್ನೇ ತಿರುಗಿಸುತ್ತಾರೆ. ಅಡುಗೆಕೋಣೆ ಹೊಸದು ಮಾಡುವಾಗ ಮೊದಲು ಏಳುವ ತಕರಾರು ಇದರದ್ದೇ: ಇಟ್ಟುಕೊಳ್ಳುವುದೋ, ಗುಜರಿಗೆ ಹಾಕುವುದೋ?

ಇರಲಿ ಎನ್ನುವವರ ಮಾತಿಗೆ ತೂಕ ಬರುವುದು ಕುಚ್ಚಲಕ್ಕಿಯಿಂದ. ನೀರುದೋಸೆಯ ಬೆಳ್ತಿಗೆ ಅಕ್ಕಿಯನ್ನು ಮಿಕ್ಸಿಯೂ ನುಣ್ಣಗೆ ಮಾಡೀತು, ಅದಕ್ಕೆ ಧಾರಾಳ ನೀರು ಹಾಕಬಹುದಲ್ಲ. ಸೇಮಿಗೆಗೂ ಪುಂಡಿಗೂ ನೆನೆಸಿದ ಕುಚ್ಚಲಕ್ಕಿಯ ಕತೆ ಬೇರೆ. ನೀರು ಕಡಿಮೆಯಾದರೆ ಬ್ಲೇಡು ಹಿಟ್ಟಿನೊಳಗೆ ಗೂಡು ಮಾಡಿಕೊಂಡು ಅಲ್ಲೇ ಸುತ್ತುತ್ತದೆ. ಜಾರು ಬಿಸಿಯಾಗುತ್ತದೆ, ಹಿಟ್ಟು ತರಿತರಿಯಾಗಿಯೇ ಉಳಿಯುತ್ತದೆ. ನೀರು ಹೆಚ್ಚಾದರೆ ಬಾಣಲೆಯಲ್ಲಿ ಮಗುಚಿ ಮಗುಚಿ ಕೈ ಸೋಲುತ್ತದೆ. ಕಲ್ಲಿಗೆ ಅವಸರವಿಲ್ಲ. ಗಟ್ಟಿ ಹಿಟ್ಟನ್ನೂ ಬಿಸಿಯಾಗಗೊಡದೆ ಬೆಣ್ಣೆಯಂತೆ ಮಾಡಿಕೊಡುತ್ತದೆ. ಉದ್ದು ಉಬ್ಬಿ ಬರುವುದೂ ಹಾಗೆಯೇ. ಆಟಿಯ ಪತ್ರೊಡೆಗೋ, ಮನೆಯಲ್ಲಿ ಪೂಜೆ ಇದ್ದ ದಿನಕ್ಕೋ ಬೇಕಾದಷ್ಟು ಹಿಟ್ಟು ಒಂದೇ ಸಲಕ್ಕೆ ಆಗುತ್ತದೆ.

ಇನ್ನೊಂದು ಗುಣ ರಿಪೇರಿಯದು. ಬೆಲ್ಟು ಸವೆದರೆ ಬೇರೆ ಬೆಲ್ಟು, ಕೆಪಾಸಿಟರ್ ಹೋದರೆ ಬೇರೆ ಕೆಪಾಸಿಟರ್, ಕಾಯಿಲ್ ಸುಟ್ಟರೆ ವೈಂಡಿಂಗ್. ಒಳಗೆ ಎಲೆಕ್ಟ್ರಾನಿಕ್ ಬೋರ್ಡ್ ಇಲ್ಲದ ಕಾರಣ ಏಪ್ರಿಲ್, ಮೇ ಸಂಜೆಗಳ ಸಿಡಿಲಿಗೂ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. (ಹಾಗೆಂದು ಪ್ಲಗ್ ತೆಗೆಯದೆ ಇರಬೇಡಿ.) ಕರೆಂಟಿನ ಚಿಂತೆಯಂತೂ ವೃಥಾ. ಅರ್ಧ ಎಚ್‌ಪಿ ಮೋಟಾರು ಅರ್ಧ ಗಂಟೆ ಓಡಿದರೆ ಕಾಲು ಯೂನಿಟ್ ಆಸುಪಾಸು. 2023ರ ಗೃಹಜ್ಯೋತಿ ಯೋಜನೆಯ ಉಚಿತ ಕರೆಂಟಿನ ಮಿತಿ ದಾಟುವುದು ಇದರಿಂದಲ್ಲ.

ಹೋಗಲಿ ಎನ್ನುವವರು ರುಚಿಯನ್ನು ಅಲ್ಲಗಳೆಯುವುದಿಲ್ಲ. ಅವರು ಕೇಳುವುದು ಒಂದೇ: ತೊಳೆಯುವವರು ಯಾರು? ಸೇಮಿಗೆ ರಸಾಯನ ಉಂಡು ‘ಕಲ್ಲಲ್ಲಿ ಕಡೆದದ್ದೇ ಬೇರೆ’ ಎಂದು ತೇಗುವ ಗಂಡಸು ಕಲ್ಲಿನ ಸಂದಿಯಿಂದ ಹಿಟ್ಟು ಕೆರೆದು ತೆಗೆದದ್ದನ್ನು ನಾನಂತೂ ಹೆಚ್ಚು ಕಂಡಿಲ್ಲ. ಗುಂಡು ಎತ್ತಬೇಕು, ನೀರು ಹೊಯ್ಯಬೇಕು, ಕಲ್ಲು ವಾಲಿಸಿ ಕೊಳೆನೀರು ಬಾಲ್ದಿಗೆ ಹಿಡಿಯಬೇಕು. ಸೊಂಟನೋವು ಇದ್ದವರಿಗೆ ಇದು ಶಿಕ್ಷೆ. ಮಕ್ಕಳು ಬೆಂಗಳೂರಿನಲ್ಲಿದ್ದು ಇಬ್ಬರೇ ಉಳಿದ ಮನೆಯಲ್ಲಿ ಒಂದು ಪಾವು ಅಕ್ಕಿಗೆ ಅಷ್ಟು ದೊಡ್ಡ ಕಲ್ಲು ತಿರುಗಿಸಿದರೆ ಹಿಟ್ಟಿನ ಕಾಲುಪಾಲು ಕಲ್ಲಿಗೇ ಅಂಟಿರುತ್ತದೆ. ಕಲ್ಲು ನುಣುಪಾದಾಗ ಉಳಿಯಿಂದ ಹೊಡೆದು ತರಿ ಮಾಡಿಕೊಡುವವರೂ ಊರಲ್ಲಿ ಅಪರೂಪವಾಗಿದ್ದಾರೆ. ವೋಲ್ಟೇಜ್ ಇಳಿದ ಬೆಳಗ್ಗೆ ಮೋಟಾರು ಗುಂಯ್ ಎನ್ನುತ್ತದೆಯೇ ಹೊರತು ಕಲ್ಲು ಹಂದುವುದಿಲ್ಲ; ತಕ್ಷಣ ಸ್ವಿಚ್ ಆರಿಸದಿದ್ದರೆ ಕಾಯಿಲ್ ಹೋಯಿತು.

ನನಗನಿಸುವುದು ಇಷ್ಟು: ನಾಲ್ಕೈದು ಜನರ ಮನೆ, ತಿಂಗಳಿಗೆ ಎರಡು ಮೂರು ಸಲವಾದರೂ ದೊಡ್ಡ ಅಡುಗೆ, ಕರೆದರೆ ಬರುವ ಮೆಕ್ಯಾನಿಕ್, ಇಷ್ಟಿದ್ದರೆ ಹಳೆಯದನ್ನು ಮಾರುವುದು ದಡ್ಡತನ, ಆ ಕಲ್ಲಿನ ಸುಖ ನಿಜವಾದದ್ದು. ಅದಿಲ್ಲದೆ ಬರೀ ನೆನಪಿಗೆಂದು ಇಟ್ಟುಕೊಂಡರೆ ಮೇಲೆ ಪೇಪರು, ಪ್ಲಾಸ್ಟಿಕ್ ಚೀಲ ಪೇರಿಸುವ ಸ್ಟೂಲಾಗುತ್ತದೆ. ಇಬ್ಬರ ಮನೆಗೆ ಟೇಬಲ್ ಮೇಲಿಡುವ ಸಣ್ಣ ಕಲ್ಲಿನ ಗ್ರೈಂಡರು ಸಾಕು. ಹೇಗಿದ್ದರೂ ತೀರ್ಮಾನ ತೊಳೆಯುವವರದ್ದಾಗಲಿ.

ಇಟ್ಟುಕೊಳ್ಳುವವರಿಗೆ ಒಂದು ಮಾತು. ಹಳೆಯ ಎರಡು ಪಿನ್ನಿನ ವಯರನ್ನು ಇಂದೇ ಕಿತ್ತು ಹಾಕಿ. ಮಳೆಗಾಲದಲ್ಲಿ ನೆಲ ಒದ್ದೆ, ಸ್ಟ್ಯಾಂಡು ಕಬ್ಬಿಣದ್ದು, ಕೈ ಹಿಟ್ಟಿನದ್ದು. ಮೂರು ಪಿನ್ನಿನ ಪ್ಲಗ್, ಸರಿಯಾದ ಅರ್ಥಿಂಗ್, 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಇವಿಷ್ಟೂ ಇಲ್ಲದೆ ಸ್ವಿಚ್ ಹಾಕಬೇಡಿ.