ಪ್ಲಗ್ ಕಿತ್ತ ಮೇಲೂ ಹೊಡೆಯುವ ಪೆಟ್ಟಿಗೆ

ಪ್ಲಗ್ ಕಿತ್ತರೆ ಕರೆಂಟ್ ಹೋಯಿತು ಅಂತ ನಾವೆಲ್ಲ ನಂಬಿದ್ದೇವೆ. ಬಲ್ಬು, ಮಿಕ್ಸಿ, ಇಸ್ತ್ರಿ ಪೆಟ್ಟಿಗೆ ಮಟ್ಟಿಗೆ ಆ ನಂಬಿಕೆ ನಡೆಯುತ್ತದೆ. ವಾಲ್ವ್ ಆಂಪ್ಲಿಫೈಯರ್ ಮಟ್ಟಿಗೆ ನಡೆಯುವುದಿಲ್ಲ. ಅದರೊಳಗಿನ ದೊಡ್ಡ ಕೆಪಾಸಿಟರ್‌ಗಳಲ್ಲಿ 400 ವೋಲ್ಟ್‌ಗೂ ಹೆಚ್ಚಿನ ಡಿಸಿ ಕರೆಂಟ್ ತುಂಬಿಕೊಂಡಿರುತ್ತದೆ. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಟೀ ಕುಡಿದು ಬಂದು ಕೈ ಹಾಕಿದರೂ ಅದು ಹೊಡೆಯಬಹುದು. ಗೋಡೆಯ ಬೋರ್ಡಿನಲ್ಲಿ ಇರುವುದೇ 230 ವೋಲ್ಟ್ ಅನ್ನುವುದನ್ನು ನೆನಪಿಡಿ.

ಇದನ್ನು ಈಗ ಬರೆಯಲು ಕಾರಣವಿದೆ. ಅಟ್ಟದ ಮೇಲಿದ್ದ ಹಳೆಯ ಮೈಕ್‌ಸೆಟ್ ಆಂಪ್ಲಿಫೈಯರ್‌ಗಳನ್ನು ಹುಡುಗರು ಕೆಳಗಿಳಿಸುತ್ತಿದ್ದಾರೆ. ಆರ್ಕೆಸ್ಟ್ರಾದವರು, ಚರ್ಚ್ ಬ್ಯಾಂಡಿನವರು ಸೆಕೆಂಡ್ ಹ್ಯಾಂಡ್ ಗಿಟಾರ್ ಆಂಪ್ ಹುಡುಕುತ್ತಿದ್ದಾರೆ. ಅಮೆರಿಕದ ಫೆಂಡರ್, ಬ್ರಿಟನ್ನಿನ ಮಾರ್ಷಲ್ ಕಂಪನಿಗಳು ಹೆಸರು ಮಾಡಿದ್ದೇ ವಾಲ್ವ್ ಆಂಪ್‌ಗಳಿಂದ. ಜೋರಾಗಿ ಬಾರಿಸಿದಾಗ ಅದರ ದನಿ ಮೆತ್ತಗೆ ಒಡೆಯುವ ರೀತಿ ಟ್ರಾನ್ಸಿಸ್ಟರ್‌ನಲ್ಲಿ ಸುಲಭಕ್ಕೆ ಸಿಗುವುದಿಲ್ಲ, ಅದಕ್ಕೇ ಆ ಮೋಹ. ವಾಲ್ವ್ ನಮಗೆ ಹೊಸದೂ ಅಲ್ಲ. ಬೆಂಗಳೂರಿನ ಬಿಇಎಲ್ 1961ರಲ್ಲೇ ರೇಡಿಯೊ ವಾಲ್ವ್ ತಯಾರಿಕೆ ಶುರು ಮಾಡಿತ್ತು.

ಈಗ ರಿಪೇರಿ ಕಲಿಸುವುದು ಫೋನು. 'ಹತ್ತೇ ನಿಮಿಷದಲ್ಲಿ ಮನೆಯಲ್ಲೇ ಬಯಾಸ್ ಸೆಟ್ ಮಾಡಿ' ಅನ್ನುವ ಥರದ ವಿಡಿಯೊಗಳು ಬೇಕಾದಷ್ಟಿವೆ. ಹಳೆಯ ರೇಡಿಯೊ ಮೆಕ್ಯಾನಿಕ್ ಹತ್ತಿರ ಕಲಿಯಲು ಹೋದ ಹುಡುಗನಿಗೆ ಮೊದಲ ಪಾಠ 'ಕೈ ಹಿಂದೆ ತಗೊ' ಅಂತ ಇರುತ್ತಿತ್ತು. ವಿಡಿಯೊದಲ್ಲಿ ಆ ಪಾಠ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ನಮ್ಮ ತಕರಾರು ಇರುವುದು ಇಲ್ಲಿ.

ಬಯಾಸ್ ಅಂದರೇನು ನೋಡೋಣ. ಬೈಕ್ ನಿಂತಲ್ಲೇ ಸ್ಟಾರ್ಟ್ ಇರುವಾಗ ಇಂಜಿನ್ ಎಷ್ಟು ಸ್ಪೀಡಿನಲ್ಲಿ ತಿರುಗಬೇಕು ಅಂತ ಮೆಕ್ಯಾನಿಕ್ ಸ್ಕ್ರೂ ತಿರುಗಿಸಿ ಕೂರಿಸುತ್ತಾನಲ್ಲ, ಹಾಗೆಯೇ ಇದು. ಹಾಡು ಇಲ್ಲದಾಗಲೂ ಔಟ್‌ಪುಟ್ ವಾಲ್ವಿನಲ್ಲಿ ಎಷ್ಟು ಕರೆಂಟ್ ಹರಿಯಬೇಕು ಅನ್ನುವುದೇ ಬಯಾಸ್. ಕಡಿಮೆಯಾದರೆ ದನಿ ಒಣಗಿ ಒಡೆಯುತ್ತದೆ. ಹೆಚ್ಚಾದರೆ ವಾಲ್ವಿನ ಒಳಗಿನ ಪ್ಲೇಟ್ ಕಾದ ಕಬ್ಬಿಣದಂತೆ ಕೆಂಪಾಗುತ್ತದೆ. ಹಾಗೆ ಕೆಂಪಾದದ್ದು ಕಂಡರೆ ತಕ್ಷಣ ಆಫ್ ಮಾಡಿ. ಇಲ್ಲವಾದರೆ ವಾಲ್ವ್ ಜೊತೆಗೆ ಟ್ರಾನ್ಸ್‌ಫಾರ್ಮರ್ ಕೂಡ ಸುಡಬಹುದು.

ಲೆಕ್ಕ ಕಷ್ಟದ್ದಲ್ಲ. ಇಎಲ್34 ವಾಲ್ವಿನ ಪ್ಲೇಟ್ ತಡೆಯುವ ಮಿತಿ 25 ವ್ಯಾಟ್. ಫಿಕ್ಸೆಡ್ ಬಯಾಸ್ ಆಂಪ್‌ಗಳಲ್ಲಿ ಅದರ ಶೇ. 70ನ್ನು ದಾಟಬಾರದು ಅನ್ನುವುದು ರೂಢಿ, ಅಂದರೆ 17.5 ವ್ಯಾಟ್. ಪ್ಲೇಟಿನಲ್ಲಿ 450 ವೋಲ್ಟ್ ಇದ್ದರೆ 17.5ನ್ನು 450ರಿಂದ ಭಾಗಿಸಿ. ಸುಮಾರು 39 ಮಿಲಿ ಆಂಪಿಯರ್ ಬರುತ್ತದೆ. ಒಂದು ವಾಲ್ವಿಗೆ ಅದೇ ಮೇಲಿನ ಮಿತಿ. ಅದಕ್ಕಿಂತ ಕೆಳಗಿನಿಂದ ಶುರು ಮಾಡಿ ನಿಧಾನಕ್ಕೆ ಏರಿಸಬೇಕು. ಕ್ಯಾಥೋಡ್ ಬಯಾಸ್ ಇರುವ ಆಂಪ್ ತನ್ನನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ, ಅದರಲ್ಲಿ ಸಾಮಾನ್ಯವಾಗಿ ತಿರುಗಿಸಲು ಸ್ಕ್ರೂ ಇರುವುದಿಲ್ಲ. ನಿಮ್ಮದು ಯಾವುದು ಅಂತ ತಿಳಿಯುವುದೇ ಮೊದಲ ಕೆಲಸ.

ಅಪಾಯ ಇರುವುದು ಅಳೆಯುವಾಗ. ಆಂಪ್ ಆನ್ ಇದ್ದಾಗಲೇ ಅಳೆಯಬೇಕು. ಅದಕ್ಕೆ ನಾವು ಹೇಳುವ ನಿಯಮ ಒಂದೇ: ಕ್ಲಿಪ್ ಹಾಕುವುದು ಕರೆಂಟ್ ಇಲ್ಲದಾಗ, ಮೀಟರ್ ಓದುವುದು ಕರೆಂಟ್ ಇದ್ದಾಗ, ನಡುವೆ ಪೆಟ್ಟಿಗೆಯೊಳಗೆ ಕೈ ಹೋಗಬಾರದು. ವಾಲ್ವಿನ ಕ್ಯಾಥೋಡ್‌ನಿಂದ ಚಾಸಿಗೆ 1 ಓಮ್ ರೆಸಿಸ್ಟರ್ ಹಾಕಿಸಿಕೊಂಡಿದ್ದರೆ ಅಲ್ಲಿ ಬರುವ ಒಂದೊಂದು ಮಿಲಿ ವೋಲ್ಟ್ ಒಂದೊಂದು ಮಿಲಿ ಆಂಪಿಯರ್‌ಗೆ ಸಮ. ಹೆಚ್ಚಿನ ವೋಲ್ಟೇಜ್ ಇರುವ ಜಾಗಕ್ಕೆ ಪದೇಪದೇ ಹೋಗುವುದು ತಪ್ಪುತ್ತದೆ. ಸ್ಕ್ರೂ ತಿರುಗಿಸಲು ಪ್ಲಾಸ್ಟಿಕ್ ಸ್ಕ್ರೂಡ್ರೈವರ್ ಬಳಸಿ. ಇನ್ನೊಂದು ಕೈ ಜೇಬಿನಲ್ಲಿರಲಿ. ಎರಡೂ ಕೈ ಒಳಗಿದ್ದರೆ ಕರೆಂಟ್ ಒಂದು ಕೈಯಿಂದ ಇನ್ನೊಂದಕ್ಕೆ ಎದೆ ದಾಟಿ ಹೋಗುತ್ತದೆ.

ಇನ್ನು ಕೆಪಾಸಿಟರ್ ಖಾಲಿ ಮಾಡುವುದು. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸುವವರಿದ್ದಾರೆ. ಅದು ಬೇಡ. ಕಣ್ಣಿಗೂ ಅಪಾಯ, ಕೆಪಾಸಿಟರ್‌ಗೂ ಹಾನಿ. 10 ಕಿಲೋ ಓಮ್, 10 ವ್ಯಾಟ್‌ನ ರೆಸಿಸ್ಟರ್‌ಗೆ ಚೆನ್ನಾಗಿ ಇನ್ಸುಲೇಷನ್ ಇರುವ ವೈರ್ ಬೆಸುಗೆ ಹಾಕಿ, ರೆಸಿಸ್ಟರ್ ಮೇಲೂ ಸ್ಲೀವ್ ಹಾಕಿಟ್ಟುಕೊಳ್ಳಿ. ಪ್ಲಗ್ ಕಿತ್ತ ಮೇಲೆ ಸ್ಟ್ಯಾಂಡ್‌ಬೈ ಸ್ವಿಚ್ಚನ್ನು ಹಾಡುವ ಕಡೆಗೇ ಬಿಟ್ಟು ಕೆಲವು ನಿಮಿಷ ಕಾಯಿರಿ. ವೈರಿನ ಒಂದು ತುದಿಯ ಕ್ಲಿಪ್ ಮೊದಲು ಚಾಸಿಗೆ, ಆಮೇಲೆ ಇನ್ನೊಂದು ತುದಿ ಕೆಪಾಸಿಟರ್‌ನ ಪ್ಲಸ್‌ಗೆ. ಹತ್ತು ಸೆಕೆಂಡ್ ಹಿಡಿಯಿರಿ. ಪ್ರತಿ ಕೆಪಾಸಿಟರ್‌ಗೂ ಹೀಗೇ ಮಾಡಿ. ನಂತರ 1000 ವೋಲ್ಟ್ ತಡೆಯುವ ಮೀಟರಿನಲ್ಲಿ ಡಿಸಿ ಇಟ್ಟು ಅಳೆಯಿರಿ. ಸೊನ್ನೆಯ ಹತ್ತಿರ ಬಂದ ಮೇಲಷ್ಟೇ ಕೈ ಹಾಕಿ. ಲೈನ್ ಟೆಸ್ಟರ್ ಉರಿಯಲಿಲ್ಲ ಅನ್ನುವುದನ್ನು ಇಲ್ಲಿ ನಂಬಬೇಡಿ.

ವಿಡಿಯೊದವರು ಹೇಳದ ಇನ್ನೊಂದು ಮಾತು ನಮ್ಮ ಮನೆಗಳದ್ದು. ಅವರ ಗೋಡೆಯಲ್ಲಿ ಅರ್ತ್ ಇರುತ್ತದೆ ಅಂದುಕೊಂಡೇ ಅವರು ಮಾತಾಡುತ್ತಾರೆ. ನಮ್ಮಲ್ಲಿ ಎಷ್ಟೋ ಬೋರ್ಡುಗಳಲ್ಲಿ ಮೂರನೇ ತೂತು ಇದೆ, ಅದರ ಹಿಂದೆ ವೈರೇ ಇಲ್ಲ. ವೈರ್ ಇದ್ದರೂ ಅರ್ತ್ ಗುಂಡಿ ಒಣಗಿ ವರ್ಷಗಳಾಗಿರುತ್ತವೆ. ಆಂಪ್‌ನಲ್ಲಿ ಗುಂಯ್ ಅನ್ನುವ ಸದ್ದು ಬಂದರೆ ಅರ್ತ್ ಪಿನ್ ಕಿತ್ತುಬಿಡು ಅನ್ನುವ ಸಲಹೆಯೂ ಊರಲ್ಲಿ ಓಡಾಡುತ್ತದೆ. ಆ ಪಿನ್ ಕಿತ್ತ ದಿನ ಒಳಗೆ ಎಲ್ಲಾದರೂ ಲೈನ್ ವೈರ್ ಚಾಸಿಗೆ ತಗುಲಿದರೆ, ಗಿಟಾರಿನ ತಂತಿಗೂ ಕರೆಂಟ್ ಬಂದಂತೆ. 1972ರಲ್ಲಿ ಬ್ರಿಟನ್ನಿನ ಸ್ವಾನ್ಸಿಯಲ್ಲಿ ಲೆಸ್ ಹಾರ್ವಿ ಎಂಬ ಗಿಟಾರ್ ವಾದಕ, ಅರ್ತ್ ಸರಿಯಿಲ್ಲದ ಮೈಕ್ ಮುಟ್ಟಿ ವೇದಿಕೆ ಮೇಲೇ ಜೀವ ಬಿಟ್ಟರು. ಜಾತ್ರೆಯ ಹಸಿ ನೆಲದ ಮೇಲೆ ಹಾಕುವ ನಮ್ಮ ವೇದಿಕೆಗಳಿಗೆ ಆ ಸಾವು ದೂರದ ಕಥೆಯಲ್ಲ.

ಆರ್‌ಸಿಸಿಬಿ ಹಾಕಿಸಿದ್ದೇವೆ ಅನ್ನುವವರಿಗೂ ಒಂದು ಮಾತು. 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಮನೆಗೆ ಬೇಕೇ ಬೇಕು. ಲೈನ್‌ನಿಂದ ನೆಲಕ್ಕೆ ಸೋರುವ ಕರೆಂಟನ್ನು ಅದು ಹಿಡಿಯುತ್ತದೆ. ಆಂಪ್ ಒಳಗಿನ 450 ವೋಲ್ಟ್ ಡಿಸಿ ಇರುವುದು ಟ್ರಾನ್ಸ್‌ಫಾರ್ಮರ್‌ನ ಆಚೆ ಬದಿಯಲ್ಲಿ. ಅದು ನಿಮ್ಮನ್ನು ಹಿಡಿದರೆ ಆರ್‌ಸಿಸಿಬಿಗೆ ಗೊತ್ತೇ ಆಗುವುದಿಲ್ಲ.

ನಮ್ಮ ವೋಲ್ಟೇಜ್ ಏರಿಳಿತವೂ ಲೆಕ್ಕಕ್ಕೆ ಬರಬೇಕು. ಪಂಪ್‌ಸೆಟ್ ಓಡುವಾಗ ಲೈನ್ ಕುಸಿದಿರುತ್ತದೆ. ಆಗ ಕೂರಿಸಿದ ಬಯಾಸ್, ಮಧ್ಯರಾತ್ರಿ ನಾಟಕದ ಹೊತ್ತಿಗೆ ವೋಲ್ಟೇಜ್ ಏರಿದಾಗ ಮಿತಿ ದಾಟಬಹುದು. ಲೈನ್ 230ರ ಆಸುಪಾಸು ಇರುವಾಗಲೇ ಅಳೆಯಿರಿ.

ಇಷ್ಟೆಲ್ಲ ಕೇಳಿದ ಹಿರಿಯರು 'ಹಾಗಾದರೆ ಮುಟ್ಟಲೇ ಬೇಡ ಬಿಡಿ' ಅನ್ನಬಹುದು. ನಾವು ಹಾಗೆ ಹೇಳುವುದಿಲ್ಲ. ರಿಪೇರಿ ಕಲಿತ ಹುಡುಗ ಊರಿಗೆ ಆಸ್ತಿ. ಪೇಟೆಗೆ ಹೊತ್ತುಕೊಂಡು ಹೋಗಿ, ವಾರಗಟ್ಟಲೆ ಕಾದು, ಹೇಳಿದಷ್ಟು ದುಡ್ಡು ಕೊಟ್ಟು ಬರುವುದು ಎಲ್ಲರಿಂದ ಆಗುವುದೂ ಇಲ್ಲ. ಗೆರೆ ಎಲ್ಲಿ ಎಳೆಯಬೇಕು ಅನ್ನುವುದು ಗೊತ್ತಿರಬೇಕು, ಅಷ್ಟೇ.

ಪೆಟ್ಟಿಗೆ ಬಿಚ್ಚದೆ ಮಾಡುವ ಕೆಲಸ ಯಾರಾದರೂ ಮಾಡಬಹುದು: ಪ್ಲಗ್ ಕಿತ್ತು, ತಣಿದ ಮೇಲೆ ಸಣ್ಣ ವಾಲ್ವ್ ಬದಲಿಸುವುದು, ಜಾಕ್ ಸ್ವಚ್ಛ ಮಾಡುವುದು, ಅದೇ ರೇಟಿಂಗ್‌ನ ಫ್ಯೂಸ್ ಹಾಕುವುದು. ಫ್ಯೂಸ್ ಜಾಗಕ್ಕೆ ತಂತಿ ಸುತ್ತುವ ಚಾಳಿ ಬಿಡಿ. ಸ್ಪೀಕರ್ ಜೋಡಿಸದೆ ಆಂಪ್ ಆನ್ ಮಾಡಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗುತ್ತದೆ. ಪೆಟ್ಟಿಗೆ ಬಿಚ್ಚುವ ಕೆಲಸ ಮಾತ್ರ ಗೊತ್ತಿರುವವರ ಪಕ್ಕ ಕೂತು ಕಲಿತ ಮೇಲೆ. ಆಗಲೂ ಒಬ್ಬರೇ ಇರಬೇಡಿ. ಮೇನ್ ಸ್ವಿಚ್ ಎಲ್ಲಿದೆ ಅಂತ ಗೊತ್ತಿರುವ ಇನ್ನೊಬ್ಬರು ಹತ್ತಿರವಿರಲಿ.

ಕೇಳುವುದು ಎರಡೇ. ತಾಲ್ಲೂಕಿನ ಐಟಿಐಗಳು ಹಳೆಯ ರೇಡಿಯೊ ಮೆಕ್ಯಾನಿಕ್‌ಗಳನ್ನು ಕರೆಸಿ, ಗೌರವಧನ ಕೊಟ್ಟು, ಕೆಪಾಸಿಟರ್ ಖಾಲಿ ಮಾಡುವ ಪಾಠವನ್ನು ಹುಡುಗರ ಕೈಯಲ್ಲೇ ಮಾಡಿಸಲಿ. ಆ ತಲೆಮಾರಿಗೆ ವಯಸ್ಸಾಗುತ್ತಿದೆ, ತಡ ಮಾಡುವ ಹಾಗಿಲ್ಲ. ಗ್ರಾಮ ಪಂಚಾಯ್ತಿಗಳು ಸಮುದಾಯ ಭವನ, ಜಾತ್ರೆ ಬಯಲು, ರಂಗಮಂದಿರಗಳ ಅರ್ತಿಂಗ್ ಪರೀಕ್ಷೆ ಮಾಡಿಸಲಿ. ಈ ಸಲದ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ.

ಅಲ್ಲಿವರೆಗೆ ನಿಮ್ಮ ಮನೆಯದ್ದು ನೀವೇ ನೋಡಿಕೊಳ್ಳಬೇಕು. ಎಲೆಕ್ಟ್ರಿಷಿಯನ್ ಬಂದಾಗ ಬೋರ್ಡಿನ ಮೂರನೇ ತೂತಿನ ಹಿಂದೆ ವೈರ್ ಇದೆಯೇ, ಅದು ಅರ್ತ್ ಗುಂಡಿವರೆಗೆ ಹೋಗಿದೆಯೇ ಅಂತ ಬಿಚ್ಚಿಸಿ ನೋಡಿ. ಆಂಪ್‌ನ ಮಾತು ಆಮೇಲೆ.