ರಸ್ತೆ ಹಂಚಬೇಕಾದವರ ಮೌನ

ನಗರದ ರಸ್ತೆ ಕೆಟ್ಟಾಗ ನಾವು ಬೈಯುವುದು ಮೂವರನ್ನು: ಗುತ್ತಿಗೆದಾರ, ಇಂಜಿನಿಯರ್, ರಾಜಕಾರಣಿ. ನಾಲ್ಕನೆಯವನೊಬ್ಬನಿದ್ದಾನೆ, ಅವನ ಹೆಸರು ಯಾರ ಬಾಯಿಗೂ ಬರುವುದಿಲ್ಲ. ಅವನು ನಗರ ಯೋಜಕ. ಗುಂಡಿ ಬಿದ್ದರೆ ಅದು ಅವನ ತಪ್ಪಲ್ಲ, ನಿಜ. ಆದರೆ ನೂರು ಅಡಿ ಅಗಲದ ರಸ್ತೆಯಲ್ಲಿ ಕಾರಿಗೆಷ್ಟು, ಬಸ್ಸಿಗೆಷ್ಟು, ನಡೆಯುವವರಿಗೆಷ್ಟು ಎಂಬುದು ಟಾರು ಬೀಳುವ ಬಹಳ ಮೊದಲೇ ನಕಾಶೆಯ ಮೇಲೆ ತೀರ್ಮಾನವಾಗಿರುತ್ತದೆ. ಆ ತೀರ್ಮಾನ ತಪ್ಪಿದ್ದರೆ ಅತ್ಯಂತ ಪ್ರಾಮಾಣಿಕ ಗುತ್ತಿಗೆದಾರ ಕಟ್ಟಿದ ರಸ್ತೆಯೂ ಅನ್ಯಾಯದ ರಸ್ತೆಯೇ. ರಸ್ತೆ ಕಟ್ಟುವುದು ಇಂಜಿನಿಯರನ ಕೆಲಸ, ಹಂಚುವುದು ಯೋಜಕನ ಕೆಲಸ. ನಮ್ಮ ಯೋಜಕರು ಆ ಹಂಚುವ ಕೆಲಸವನ್ನು ಕೈಬಿಟ್ಟಿದ್ದಾರೆ. ತಿಳಿಯದೆ ಬಿಟ್ಟಿದ್ದರೆ ಕ್ಷಮಿಸಬಹುದಿತ್ತು. ಅವರು ಎಲ್ಲ ತಿಳಿದೇ ಬಿಟ್ಟಿದ್ದಾರೆ ಎಂಬುದು ನನ್ನ ಆಕ್ಷೇಪ.

ತಿಳಿದಿದೆ ಎನ್ನಲು ಆಧಾರವಿದೆ. ಕೇಂದ್ರ ಸರಕಾರದ ರಾಷ್ಟ್ರೀಯ ನಗರ ಸಾರಿಗೆ ನೀತಿ ಬಂದದ್ದು 2006ರಲ್ಲಿ. ಸಾಗಿಸಬೇಕಾದದ್ದು ಜನರನ್ನು, ವಾಹನಗಳನ್ನಲ್ಲ. ರಸ್ತೆಯ ಜಾಗವನ್ನು ಜನರ ನಡುವೆ ನ್ಯಾಯವಾಗಿ ಹಂಚಬೇಕು ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ರಸ್ತೆ ಅಗಲವಾದಷ್ಟೂ ವಾಹನ ಹೆಚ್ಚಿ ದಟ್ಟಣೆ ಮೊದಲಿನಂತೆಯೇ ಆಗುತ್ತದೆ ಎಂಬ ಮಾತನ್ನು ಅಮೆರಿಕದ ಆಂಟನಿ ಡೌನ್ಸ್ 1962ರಲ್ಲೇ ಬರೆದಿದ್ದ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಹಿರಿಯರು ಹೇಳಿದರು. ಹಾಸಿಗೆ ಅಗಲಿಸಿದಷ್ಟೂ ಕಾಲು ಉದ್ದವಾಗುವ ವಿಚಿತ್ರ ಪ್ರಾಣಿ ಕಾರು. ಯೋಜನಾ ಶಾಲೆಗಳಲ್ಲಿ ಇದು ಆರಂಭದ ಪಾಠ. ಆದರೂ ಪದವಿ ಪಡೆದು ಕಚೇರಿಯ ಕುರ್ಚಿಯಲ್ಲಿ ಕುಳಿತ ಮೇಲೆ ಅವರ ಕೈಯಿಂದ ಹೊರಬರುವುದು ಮತ್ತೊಂದು ಮೇಲ್ಸೇತುವೆಯ ನಕಾಶೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇವರಿಗಾಗಿಯೇ ಹುಟ್ಟಿದಂತಿದೆ.

ಅನ್ಯಾಯ ಹುಟ್ಟುವುದು ಎಣಿಕೆಯಲ್ಲಿ. ರಸ್ತೆಯ ಸಾಮರ್ಥ್ಯವನ್ನು ಅಳೆಯಲು ಪ್ಯಾಸೆಂಜರ್ ಕಾರ್ ಯೂನಿಟ್ ಎಂಬ ಮಾನವಿದೆ. ಅದರಲ್ಲಿ ಒಂದು ಕಾರು ಎಂದರೆ ಒಂದು. ಬಸ್ಸು ಹೆಚ್ಚು ಜಾಗ ತಿನ್ನುವುದರಿಂದ ಎರಡಕ್ಕಿಂತ ಹೆಚ್ಚು, ಸೈಕಲ್ಲು ಅರ್ಧದ ಆಸುಪಾಸು. ಬಸ್ಸಿನೊಳಗೆ ಐವತ್ತು ಜನರಿದ್ದರೂ ಅದು ಐವತ್ತಾಗುವುದಿಲ್ಲ. ಕಾರಿನೊಳಗೆ ಒಬ್ಬನೇ ಇದ್ದರೂ ಅದು ಒಂದಕ್ಕಿಂತ ಕಡಿಮೆಯಾಗುವುದಿಲ್ಲ. ಇನ್ನು ನಡೆದು ಹೋಗುವವನು? ಅವನು ವಾಹನವಲ್ಲ, ಆದ್ದರಿಂದ ಈ ಲೆಕ್ಕದಲ್ಲಿ ಅವನಿಗೆ ಸ್ಥಾನವೇ ಇಲ್ಲ. ಲೆಕ್ಕದಲ್ಲಿಲ್ಲದವನಿಗೆ ಪಾಲು ಕೊಡುವವರಾರು? ರಸ್ತೆ ಅಗಲಿಸಬೇಕಾದಾಗಲೆಲ್ಲ ಮೊದಲು ಫುಟ್‌ಪಾತನ್ನೇ ಕತ್ತರಿಸುವುದಕ್ಕೆ ಈ ಎಣಿಕೆಯೇ ಕಾರಣ.

ಈ ಲೆಕ್ಕದಲ್ಲಿಲ್ಲದವರು ಎಷ್ಟು ಜನ? 2011ರ ಜನಗಣತಿಯ ಪ್ರಕಾರ ದೇಶದ ಕೃಷಿಯೇತರ ಕೆಲಸಗಾರರಲ್ಲಿ ಕಾರು, ಜೀಪು, ವ್ಯಾನುಗಳಲ್ಲಿ ಕೆಲಸಕ್ಕೆ ಹೋಗುವವರು ನೂರಕ್ಕೆ ಸುಮಾರು ಮೂವರು. ನಡೆದು ಹೋಗುವವರು ಇಪ್ಪತ್ತಕ್ಕೂ ಹೆಚ್ಚು, ಸೈಕಲ್ಲಿನಲ್ಲಿ ಹೋಗುವವರು ಹತ್ತಕ್ಕೂ ಹೆಚ್ಚು. ಆ ಮೂವರಿಗೆ ನೆಲವೂ ಸಾಲದೆ ಆಕಾಶದಲ್ಲೂ ರಸ್ತೆ. ಉಳಿದವರಿಗೆ ಚರಂಡಿಯ ಮೇಲಿನ ಒಡೆದ ಚಪ್ಪಡಿಕಲ್ಲು. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತ ಪಾದಚಾರಿಗಳ ಸಂಖ್ಯೆ ಕೇಂದ್ರ ಸರಕಾರದ್ದೇ ವರದಿಯ ಪ್ರಕಾರ 32 ಸಾವಿರಕ್ಕೂ ಹೆಚ್ಚು. ಇಷ್ಟು ಸಾವುಗಳನ್ನು ಅಪಘಾತ ಎಂದು ಕರೆದು ಕೈತೊಳೆದುಕೊಳ್ಳಲು ಬರುವುದಿಲ್ಲ. ದಾಟಲು ಜಾಗವಿಲ್ಲದ ರಸ್ತೆಯನ್ನು ಯಾರೋ ಬರೆದಿದ್ದಾರೆ, ಯಾರೋ ಸಹಿ ಹಾಕಿದ್ದಾರೆ.

ಹಂಚುವ ಪ್ರಯತ್ನ ನಡೆದೇ ಇಲ್ಲವೆನ್ನಲಾರೆ. ನಾನಿರುವ ದೆಹಲಿಯಲ್ಲಿ 2008ರಲ್ಲಿ ಅಂಬೇಡ್ಕರ್ ನಗರದಿಂದ ಮೂಲ್‌ಚಂದ್‌ವರೆಗೆ 5.8 ಕಿಲೋಮೀಟರ್ ಉದ್ದದ ಬಿ.ಆರ್.ಟಿ. ಮಾರ್ಗ ಆರಂಭವಾಯಿತು. ನಡುವಿನ ಪಥ ಬಸ್ಸಿಗೆ, ಪಕ್ಕದ್ದು ಇತರ ವಾಹನಗಳಿಗೆ, ಅಂಚಿನಲ್ಲಿ ಸೈಕಲ್ಲಿಗೂ ನಡೆಯುವವರಿಗೂ ಪ್ರತ್ಯೇಕ ದಾರಿ. ಐ.ಐ.ಟಿ.ಯ ತಜ್ಞರ ಚಿಂತನೆ ಅದರ ಹಿಂದಿತ್ತು. ಲೋಪಗಳಿದ್ದವು: ಸಿಗ್ನಲ್ಲಿನಲ್ಲಿ ಕಾಯುವ ಹೊತ್ತು ದೀರ್ಘವಾಗಿತ್ತು, ರಸ್ತೆಯ ನಡುವಿನ ನಿಲ್ದಾಣ ತಲುಪಲು ಪ್ರಯಾಣಿಕರು ವಾಹನಗಳ ನಡುವೆ ದಾಟಬೇಕಿತ್ತು, ಇಡೀ ನಗರದ ಜಾಲವಾಗಬೇಕಿದ್ದದ್ದು ಒಂದು ತುಂಡಾಗಿಯೇ ಉಳಿಯಿತು. ಆದರೆ ಜನ ಸಿಟ್ಟಾದದ್ದು ಈ ಲೋಪಗಳ ಮೇಲಲ್ಲ. ಕಾರಿನ ಪಕ್ಕದಲ್ಲಿ ಬಸ್ಸು ಮುಂದೆ ಹೋಗುತ್ತಿತ್ತು; ಅದನ್ನು ಸಹಿಸಲಾಗಲಿಲ್ಲ. ಕಾರಿನಲ್ಲಿ ಓಡಾಡುವವರ ಸಮಯಕ್ಕೆ ಬೆಲೆ ಹೆಚ್ಚೆಂಬ ವಾದ ಬಹಿರಂಗವಾಗಿಯೇ ಕೇಳಿಬಂತು. ಬಸ್ಸಿನ ಪಥವನ್ನು ಎಲ್ಲ ವಾಹನಗಳಿಗೂ ತೆರೆಯಬೇಕೆಂದು ಕೋರಿದ ಅರ್ಜಿಯನ್ನು ದೆಹಲಿ ಉಚ್ಚ ನ್ಯಾಯಾಲಯ 2012ರ ಅಕ್ಟೋಬರಿನಲ್ಲಿ ತಳ್ಳಿಹಾಕಿತು. ನ್ಯಾಯಾಲಯ ಕಾಪಾಡಿದ್ದನ್ನು ಸರಕಾರ ಕಾಪಾಡಲಿಲ್ಲ. 2015ರಲ್ಲಿ ಮಾರ್ಗವನ್ನು ತೆಗೆದುಹಾಕುವ ನಿರ್ಧಾರವಾಯಿತು. ಮರುವರ್ಷ ಜನವರಿಯಲ್ಲಿ ಒಡೆಯುವ ಕೆಲಸ ಶುರುವಾಯಿತು.

ಆಗ ಯೋಜಕರು ಎಲ್ಲಿದ್ದರು? ಅದನ್ನು ರೂಪಿಸಿದ ಕೆಲವು ಪ್ರಾಧ್ಯಾಪಕರು ಪತ್ರಿಕೆಗಳಲ್ಲಿ, ವೇದಿಕೆಗಳಲ್ಲಿ ವಾದಿಸಿದರು, ಅವರಿಗೆ ನಮಸ್ಕಾರ. ಆದರೆ ಸರಕಾರಿ ಯೋಜನಾ ಕಚೇರಿಗಳಲ್ಲಿ ಕುಳಿತಿದ್ದ ವೃತ್ತಿ ಬಾಂಧವರು ಒಟ್ಟಾಗಿ ನಿಂತು, ಲೋಪವಿದ್ದರೆ ತಿದ್ದೋಣ, ಒಡೆಯುವುದು ಬೇಡ ಎಂದು ನಗರಕ್ಕೆ ಕೇಳಿಸುವಂತೆ ಹೇಳಲಿಲ್ಲ. ಒಂದು ಆಸ್ಪತ್ರೆಯನ್ನು ಕೆಡವಿ ವಾಹನ ನಿಲುಗಡೆ ಕಟ್ಟುತ್ತೇವೆಂದರೆ ವೈದ್ಯರು ಸುಮ್ಮನಿರುತ್ತಾರೆಯೇ?

ನಮಗೆ ಅಧಿಕಾರವಿಲ್ಲ ಎನ್ನುವುದು ಅವರ ಸಿದ್ಧ ಉತ್ತರ. ಅರ್ಧ ನಿಜ. ದೆಹಲಿಯಲ್ಲಿ ಮಹಾಯೋಜನೆ ಬರೆಯುವುದು ಕೇಂದ್ರದ ಅಧೀನದ ಪ್ರಾಧಿಕಾರ, ದೊಡ್ಡ ರಸ್ತೆ ಕಟ್ಟುವುದು ರಾಜ್ಯದ ಲೋಕೋಪಯೋಗಿ ಇಲಾಖೆ, ಸಣ್ಣ ರಸ್ತೆ ಪಾಲಿಕೆಯದು, ಮೆಟ್ರೊ ಬೇರೊಂದು ನಿಗಮದ್ದು. ಮಂತ್ರಿಗಳಿಗೆ ರಿಬ್ಬನ್ ಕತ್ತರಿಸಲು ಮೇಲ್ಸೇತುವೆ ಬೇಕು. ಫುಟ್‌ಪಾತಿಗೆ ರಿಬ್ಬನ್ ಕಟ್ಟುವವರಿಲ್ಲ. ಆದರೆ ಎರಡು ದಶಕ ಸರಕಾರಿ ಕಡತಗಳ ನಡುವೆ ಬಾಳಿದ ನಾನು ಉಳಿದರ್ಧವನ್ನೂ ಹೇಳಬೇಕು. ಕಡತದ ಟಿಪ್ಪಣಿ ಹಾಳೆ ಇರುವುದು ಒಪ್ಪಿಗೆ ಬರೆಯಲು ಮಾತ್ರವಲ್ಲ, ಭಿನ್ನಾಭಿಪ್ರಾಯ ಬರೆಯಲೂ ಸಹ. ಈ ಮೇಲ್ಸೇತುವೆಯಿಂದ ನಡೆಯುವವರ ದಾರಿ ಕಡಿಯುತ್ತದೆ, ಇದು ರಾಷ್ಟ್ರೀಯ ನೀತಿಗೆ ವಿರುದ್ಧ ಎಂದು ನಾಲ್ಕು ಸಾಲು ಬರೆದು ಸಹಿ ಹಾಕಿದ ಅಧಿಕಾರಿಯ ಮಾತನ್ನು ಮೇಲಿನವರು ತಿರಸ್ಕರಿಸಬಹುದು, ಅಳಿಸುವಂತಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ ನಂತರ ಆ ಟಿಪ್ಪಣಿಯನ್ನು ನಾಗರಿಕರು ಕೇಳಿ ಪಡೆಯಬಹುದು. ತಿರಸ್ಕರಿಸಿದವರು ಆಗ ಕಾರಣ ಹೇಳಬೇಕಾಗುತ್ತದೆ. ಅಧಿಕಾರವಿಲ್ಲದವನ ಕೈಯಲ್ಲೂ ಇರುವ ಅಸ್ತ್ರ ಇದು. ಇದನ್ನು ಬಳಸದೆ 'ಮೇಲಿನಂತೆ ಪ್ರಸ್ತಾಪಿಸಲಾಗಿದೆ' ಎಂದು ಬರೆದು ಸಾಗಹಾಕುವವನನ್ನು ನಿಸ್ಸಹಾಯಕನೆಂದು ಕರೆಯಲಾರೆ, ಅವನು ಪಾಲುದಾರ.

ಇದು ದೆಹಲಿಯ ಕಥೆ ಮಾತ್ರವಲ್ಲವೆಂದು ಬೇರೆ ನಗರಗಳ ಓದುಗರಿಗೆ ಹೇಳಬೇಕಾಗಿಲ್ಲ. ಮುಂಬಯಿಯಲ್ಲಿ ರೈಲು ನಿಲ್ದಾಣದ ಹೊರಗಿನ ಜನಜಂಗುಳಿಗೆ ಕಂಡುಕೊಂಡ ಪರಿಹಾರ ಸ್ಕೈವಾಕ್: ವಾಹನ ನೆಲದ ಮೇಲಿರಲಿ, ಮನುಷ್ಯ ಮೆಟ್ಟಿಲು ಹತ್ತಲಿ. ಅದೇ ಮುಂಬಯಿಯಲ್ಲಿ 2024ರ ಮಾರ್ಚಿನಲ್ಲಿ ಮೊದಲ ಭಾಗ ತೆರೆದುಕೊಂಡ ಕರಾವಳಿ ರಸ್ತೆಗೆ ಸಾವಿರಾರು ಕೋಟಿ ಸಾರ್ವಜನಿಕ ಹಣ ಸುರಿಯಲಾಗಿದೆ. ಸ್ಕೂಟರಿಗೂ ಆಟೋರಿಕ್ಷಾಕ್ಕೂ ಅಲ್ಲಿ ಪ್ರವೇಶವಿಲ್ಲ. ಪುಣೆಯಲ್ಲಿ ವಿಶ್ವವಿದ್ಯಾಲಯ ಚೌಕದ ಮೇಲ್ಸೇತುವೆಯನ್ನು ಹದಿನೈದು ವರ್ಷ ಸರಿಯಾಗಿ ತುಂಬುವ ಮೊದಲೇ, 2020ರಲ್ಲಿ, ಮೆಟ್ರೊಗಾಗಿ ಕೆಡವಿದರು. ಸಾಮಾನ್ಯ ಮನೆಯನ್ನೂ ನಾವು ಮೊಮ್ಮಕ್ಕಳ ಕಾಲಕ್ಕೆಂದು ಕಟ್ಟುತ್ತೇವೆ! ದೆಹಲಿ ಕರ್ನಾಟಕ ಸಂಘವಿರುವ ರಾವ್ ತುಲಾರಾಮ್ ಮಾರ್ಗವನ್ನೇ ನೋಡಿ. ಮೊದಲೊಂದು ಮೇಲ್ಸೇತುವೆ ಬಂತು. ಅದು ಸಾಲದೆ 2019ರಲ್ಲಿ ಪಕ್ಕದಲ್ಲೇ ಮತ್ತೊಂದು ಬಂತು. ಬೆಂಗಳೂರಿನಲ್ಲಿ ಚಾಲುಕ್ಯ ವೃತ್ತದಿಂದ ಹೆಬ್ಬಾಳಕ್ಕೆ ಯೋಜಿಸಿದ್ದ ಉಕ್ಕಿನ ಸೇತುವೆಯನ್ನು 2016ರಲ್ಲಿ ಜನ ಬೀದಿಗಿಳಿದು ವಿರೋಧಿಸಿ ನಿಲ್ಲಿಸಿದರು. ಈಗ ಅದೇ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ನೆಲದಡಿಯ ಸುರಂಗ ರಸ್ತೆಯ ಮಾತು. ಆಕಾಶದಲ್ಲಿ ಸೋತ ವಿಚಾರ ಪಾತಾಳಕ್ಕಿಳಿದಿದೆ.

ಓದುಗರಲ್ಲಿ ಅನೇಕರು ಕಾರುಳ್ಳವರು. ತೆರಿಗೆ ಕಟ್ಟುವವರು ನಾವಲ್ಲವೇ ಎಂದು ಅವರು ಕೇಳಬಹುದು. ಬೆಂಕಿಪೊಟ್ಟಣ ಕೊಳ್ಳುವವನೂ ತೆರಿಗೆ ಕಟ್ಟುತ್ತಾನೆ. ಇನ್ನೊಂದು ಮಾತು: ಬಸ್ಸಿನಲ್ಲಿ ಹೋಗುವ ಐವತ್ತು ಜನ ನಾಳೆ ಐವತ್ತು ಸ್ಕೂಟರು, ಕಾರುಗಳಲ್ಲಿ ರಸ್ತೆಗಿಳಿದರೆ ನಿಮ್ಮ ಕಾರು ಅಲ್ಲಾಡಲಾರದು. ನಿಮಗೆ ದಾರಿ ಬಿಟ್ಟಿರುವವನು ಆ ಬಸ್ಸಿನ ಪ್ರಯಾಣಿಕನೇ. ಇನ್ನು ಹಂಚುವುದು ಅಸಾಧ್ಯವೆನ್ನುವವರು ಚೆನ್ನೈಯ ಪಾಂಡಿ ಬಜಾರಿಗೆ ಹೋಗಿ ಬರಲಿ. ಟಿ. ನಗರದಂಥ ಇಕ್ಕಟ್ಟಿನಲ್ಲಿ 2019ರಲ್ಲಿ ವಾಹನದ ಪಥ ಕುಗ್ಗಿಸಿ ಅಗಲವಾದ ಕಾಲುದಾರಿ ಮಾಡಿದರು. ಅಂಗಡಿಗಳು ಮುಚ್ಚಿಹೋಗಲಿಲ್ಲ.

ಆದ್ದರಿಂದ ಯೋಜಕರಲ್ಲಿ ನಮ್ಮ ಬೇಡಿಕೆ ಮೂರು. ಪ್ರತಿ ರಸ್ತೆ ಯೋಜನೆಯಲ್ಲೂ ವಾಹನಗಳ ಎಣಿಕೆಯ ಪಕ್ಕದಲ್ಲಿ ಮನುಷ್ಯರ ಎಣಿಕೆ ಇರಲಿ, ನಡೆಯುವವರನ್ನೂ ಸೇರಿಸಿ. ಫುಟ್‌ಪಾತಿಗೆ ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ಅಗಲ ಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಸಂಹಿತೆಯೇ ಹೇಳುತ್ತದೆ. ಅದಿಲ್ಲದ ನಕಾಶೆಗೆ ಸಹಿ ಬೀಳದಿರಲಿ. ಒಪ್ಪಿಗೆಯಿಲ್ಲದಿದ್ದರೆ ಅದನ್ನು ಕಡತದಲ್ಲಿ ಬರೆಯಲಿ. ಇವುಗಳಲ್ಲಿ ಯಾವುದಕ್ಕೂ ಹೊಸ ಕಾನೂನು ಬೇಡ, ಹೊಸ ಹಣ ಬೇಡ. ಬೇಕಾದದ್ದು ಲೇಖನಿ ಎತ್ತುವ ಎದೆಗಾರಿಕೆ.

ನಮ್ಮ ಪಾಲಿನ ಕೆಲಸವೂ ಇದೆ. ಹೊರನಾಡಿನಲ್ಲಿರುವ ನಾವು ಈ ಊರು ನಮ್ಮದಲ್ಲವೆಂಬ ಸಂಕೋಚದಲ್ಲಿ ನಗರದ ವಿಷಯಕ್ಕೆ ಬಾಯಿ ಹಾಕದೆ ಇರುತ್ತೇವೆ. ತೆರಿಗೆ ಇಲ್ಲಿ ಕಟ್ಟುತ್ತೇವೆ, ಮಕ್ಕಳು ಇಲ್ಲಿಯ ರಸ್ತೆ ದಾಟಿ ಶಾಲೆಗೆ ಹೋಗುತ್ತಾರೆ. ಮಹಾಯೋಜನೆಯ ಕರಡಿಗೆ ಆಕ್ಷೇಪಣೆ ಆಹ್ವಾನಿಸಿದಾಗ ಒಂದು ಪತ್ರ ಬರೆಯಲು, ಮೇಲ್ಸೇತುವೆ ಘೋಷಣೆಯಾದಾಗ ಅದರ ಕಡತದ ಟಿಪ್ಪಣಿಯನ್ನು ಕೇಳಲು ನಮಗೆ ಯಾರ ಅಪ್ಪಣೆಯೂ ಬೇಡ. ಕೇಳುವವರಿದ್ದಾರೆಂದು ಗೊತ್ತಾದ ದಿನ ಬರೆಯುವವರೂ ಎಚ್ಚರದಿಂದ ಬರೆಯುತ್ತಾರೆ.